ಸ್ಟೋರಪ್ಪ ಬಾಣಲೆ ಬೆಳಗಿದ ಪ್ರಸಂಗ

ಮನುಷ್ಯನಿಗೆ ಏನೂ ತಿಳಿಯದಿದ್ದರೆ ಅಂಥ ನಷ್ಟವೇನಿಲ್ಲ. ಸುತ್ತಮುತ್ತ ಇರುವವರು ಹೇಗೋ ಸುಧಾರಿಸಿಕೊಂಡು ಹೋಗುತ್ತಾರೆ. ಅರ್ಧ ತಿಳಿವಳಿಕೆ ಬಂದಾಗಲೇ ಮನೆಯವರು ಹುಷಾರಾಗಿರಬೇಕು. ನಮ್ಮ ಸ್ಟೋರಪ್ಪನಿಗೆ ಪಾತ್ರೆಪಡಗದ ವಿಷಯದಲ್ಲಿ ಈ ಅರ್ಧ ತಿಳಿವಳಿಕೆ ಬಂದದ್ದು ಒಂದು ಭಾನುವಾರ, ದೊಡ್ಡ ಪಾತ್ರೆ ಅಂಗಡಿಯೊಂದರಲ್ಲಿ ಪುಕ್ಕಟೆ ಆಮ್ಲೆಟ್ ತಿನ್ನುತ್ತಾ ನಿಂತಿದ್ದಾಗ.

ಸ್ಟೋರಪ್ಪ ಎಂಬುದು ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಬಸ್ ಡಿಪೋದ ಸ್ಟೋರಿನಲ್ಲಿ ಕೂತು ನಟ್ಟು, ಬೋಲ್ಟು, ಕೈ ಒರೆಸುವ ಬಟ್ಟೆ ಇವುಗಳನ್ನು ಮೆಕ್ಯಾನಿಕ್‌ಗಳಿಗೆ ಕೊಡುವುದು ಅವನ ಕೆಲಸ. ಒಂದು ವಾಷರ್ ಕೊಡುವಾಗಲೂ ಮಗಳನ್ನು ಗಂಡನ ಮನೆಗೆ ಕಳಿಸುವ ತಂದೆಯ ಮುಖ ಮಾಡುತ್ತಿದ್ದ. ಹಾಗಾಗಿ ಹೆಸರು ಅಂಟಿಕೊಂಡಿತ್ತು, ಮನೆಯ ತನಕ ಹಿಂಬಾಲಿಸಿಕೊಂಡೂ ಬಂದಿತ್ತು.

ಆ ಭಾನುವಾರ ಹೆಂಡತಿ ಅವನನ್ನು ಕಳಿಸಿದ್ದು ಟೀ ಸೋಸುವ ಜಾಲರಿ ತರಲಿಕ್ಕೆ. ಅಂಗಡಿಯಲ್ಲಿ ಟೈ ಕಟ್ಟಿಕೊಂಡ ಒಬ್ಬ ಮನುಷ್ಯ ಫಳಫಳ ಹೊಳೆಯುವ ಬಾಣಲೆಯಲ್ಲಿ ಮೊಟ್ಟೆ ಹುರಿಯುತ್ತಾ ಭಾಷಣ ಮಾಡುತ್ತಿದ್ದ. ಪಾತ್ರೆ ಕೊಳ್ಳುವಾಗ ತಳವನ್ನು ಬೆರಳ ಗಣ್ಣಿನಿಂದ ಬಡಿದು ನೋಡಬೇಕು, ಹಿಡಿಯನ್ನು ಅಲ್ಲಾಡಿಸಬೇಕು, ಮುಚ್ಚಳ ಕೂರುವಾಗ ಸದ್ದು ಮಾಡಬಾರದು, ಎಲ್ಲಕ್ಕಿಂತ ಮುಖ್ಯವಾಗಿ ಪಾತ್ರೆಯಲ್ಲಿ ನಮ್ಮ ಮುಖ ಕಾಣಬೇಕು ಎಂದ. ಮುಖ ಕಾಣದ ಪಾತ್ರೆಯಲ್ಲಿ ರೋಗ ಇರುತ್ತದಂತೆ. ಸ್ಟೋರಪ್ಪ ಆಮ್ಲೆಟ್ ಮುಗಿಸಿ, ಇನ್ನೊಂದು ಚೂರು ಕೇಳಿ ತಿಂದು, ಜಾಲರಿ ಮರೆತು, ಜ್ಞಾನ ಹೊತ್ತುಕೊಂಡು ಮನೆಗೆ ಬಂದ.

ಅಲ್ಲಿಂದ ಮುಂದೆ ಯಾರ ಮನೆಯ ಪಾತ್ರೆಗೂ ನೆಮ್ಮದಿ ಇರಲಿಲ್ಲ. ಡಿಪೋದಲ್ಲಿ ಊಟಕ್ಕೆ ಕೂತವರ ಡಬ್ಬಿಗಳನ್ನು ಬಡಿದು ನೋಡಿ ತಲೆ ಅಲ್ಲಾಡಿಸಿದ. ಕಟ್ಟಡದ ಕೆಳಮನೆಯ ಟೈಲರನಿಗೆ, ನಿಮ್ಮ ಕುಕ್ಕರಿನ ಹಿಡಿ ಒಂದು ದಿನ ಕೈಕೊಡುತ್ತೆ ಎಂದು ಹೇಳಿ ಆ ಮನೆಯಲ್ಲಿ ಗಂಡ ಹೆಂಡಿರ ಜಗಳ ಹಚ್ಚಿದ. ಎದುರು ಮನೆಯ ಟೀಚರಕ್ಕ ಟೀ ಕೊಟ್ಟಾಗ ಪಿಂಗಾಣಿ ಕಪ್ಪನ್ನು ಬೆಳಕಿಗೆ ಹಿಡಿದು, ಗುಣಮಟ್ಟ ಸಾಧಾರಣ ಎಂದ. ಅವರು ಮಾತ್ರ, "ಮೊದಲು ಟೀ ಕುಡೀರಿ, ಆರಿ ಹೋಗುತ್ತೆ" ಎಂದು ಅಲ್ಲಿಗೇ ಮಾತು ಮುಗಿಸಿದರು.

ಈ ಟೀಚರಕ್ಕನ ವಿಷಯ ಸ್ವಲ್ಪ ಹೇಳಬೇಕು. ಶಾಲೆಯಲ್ಲಿ ಲೆಕ್ಕ ಕಲಿಸಿ ನಿವೃತ್ತರಾದವರು, ಒಂಟಿ ಜೀವ. ಸಂಜೆ ಅಕ್ಕಪಕ್ಕದ ಮಕ್ಕಳಿಗೆ ಪಾಠ ಹೇಳುತ್ತಿದ್ದರು. ಕಂಡಕ್ಟರ್ ಚಿಲ್ಲರೆ ಹೆಚ್ಚು ಕೊಟ್ಟನೆಂದು ಬಸ್ಸಿಳಿದ ಮೇಲೆ ಡಿಪೋವರೆಗೆ ನಡೆದು ಬಂದು ವಾಪಸ್ ಕೊಟ್ಟು ಹೋದ ಹೆಂಗಸು. ಅವರಿಗೂ ಸ್ಟೋರಪ್ಪನ ಹೆಂಡತಿಗೂ ಒಂದೇ ಜೀವ. ಇಬ್ಬರ ಬಾಗಿಲೂ ಎದುರುಬದುರು. ಬೆಳಗಿನ ಕೆಲಸ ಮುಗಿದ ಮೇಲೆ ಒಂದು ಬಾಗಿಲಿಂದ ಟೀ, ಇನ್ನೊಂದು ಬಾಗಿಲಿಂದ ಬಿಸ್ಕತ್ತು ಹೊರಟು ಯಾವುದಾದರೊಂದು ಮನೆಯಲ್ಲಿ ಸೇರುತ್ತಿದ್ದವು.

ಇನ್ನು ಬಾಣಲೆ. ಅದು ಕಬ್ಬಿಣದ್ದು, ಹೆಂಡತಿಗೆ ಅವಳ ಅಮ್ಮನಿಂದ ಬಂದದ್ದು. ಒಳಗೂ ಹೊರಗೂ ಕರ್ರಗಿತ್ತು. ಎಷ್ಟು ಪಳಗಿತ್ತೆಂದರೆ ಮೊಟ್ಟೆ ಒಡೆದು ಹಾಕಿದರೆ ಸಟ್ಟುಗದ ಹಂಗಿಲ್ಲದೆ ತಾನೇ ತಟ್ಟೆಗೆ ಜಾರುತ್ತಿತ್ತು. ಹೆಂಡತಿ ಅದಕ್ಕೆ ಸೋಪು ಸೋಕಿಸಿದವಳಲ್ಲ. ಬಿಸಿನೀರು ಹಾಕಿ ಬಟ್ಟೆಯಲ್ಲಿ ಒರೆಸಿ, ಒಲೆಯ ಮೇಲೆ ಒಣಗಿಸಿ, ಬೆರಳಲ್ಲಿ ಎಣ್ಣೆ ಸವರಿ ಮೊಳೆಗೆ ತೂಗುಹಾಕುತ್ತಿದ್ದಳು. ಮದುವೆಯಾದಾಗಿನಿಂದ ಸ್ಟೋರಪ್ಪ ಇದನ್ನು ನೋಡಿದ್ದ. ನೋಡಿದ್ದ ಅಷ್ಟೇ, ಯಾಕೆ ಎಂದು ಒಂದು ದಿನವೂ ಕೇಳಿರಲಿಲ್ಲ.

ಹೀಗಿರುವಾಗ ಹೆಂಡತಿಯ ತಂಗಿ ಮೆಟ್ಟಿಲಲ್ಲಿ ಜಾರಿ ಕಾಲು ಮುರಿದುಕೊಂಡಳು. ಹೆಂಡತಿ ಆರೈಕೆಗೆ ಹೊರಟಳು. ಮನೆಯಲ್ಲಿ ಸ್ಟೋರಪ್ಪನೂ ಅವನ ಜ್ಞಾನವೂ ಇಬ್ಬರೇ ಉಳಿದರು. ಬಾಣಲೆಯನ್ನು ಮೊಳೆಯಿಂದ ಇಳಿಸಿ ನೋಡಿದ. ಮುಖ ಕಾಣಲಿಲ್ಲ. ಪಾಪ, ಇವಳು ಇಷ್ಟು ವರ್ಷ ಈ ಮಸಿಯಲ್ಲೇ ಅಡಿಗೆ ಮಾಡಿದಳಲ್ಲ, ಗಂಡನಾದವನು ಒಂದು ದಿನವೂ ತಿಕ್ಕಿ ಕೊಡಲಿಲ್ಲವಲ್ಲ ಎಂದು ಅವನ ಕರುಳು ಚುರುಕ್ಕೆಂದಿತು. ಇದನ್ನು ಮಾತ್ರ ನಾವು ಅವನ ಪರವಾಗಿ ಹೇಳಲೇಬೇಕು. ಅವನು ಮಾಡಿದ್ದು ಪ್ರೀತಿಯಿಂದಲೇ.

ಪಾತ್ರೆ ತಿಕ್ಕುವ ನಾರಿಗೆ ಆ ಕಪ್ಪು ಜಗ್ಗಲಿಲ್ಲ. ಡಿಪೋಗೆ ಒಯ್ದ. ಅಲ್ಲಿಯ ಫಿಟ್ಟರ್ ಅವನ ಗೆಳೆಯ. ಸ್ಟೋರಪ್ಪ ಅವನೆದುರೇ ಎಂಜಿನ್ ಭಾಗಗಳ ಜಿಡ್ಡು ತೆಗೆಯುವ ಕಾಸ್ಟಿಕ್ ಸೋಡಾದ ತೊಟ್ಟಿಯಲ್ಲಿ ಬಾಣಲೆಯನ್ನು ಮುಳುಗಿಸಿಟ್ಟ. ಆಮೇಲೆ ಗಿರಗಿರ ತಿರುಗುವ ವೈರ್ ಬ್ರಷ್ಷಿಗೆ ಕೊಟ್ಟ. ಅಂಚಿನ ಉಬ್ಬುತಗ್ಗುಗಳನ್ನೂ ತೀಡಿದ. ಹಿಡಿ ಸಡಿಲವಾಗಿದೆ ಎಂದು ಅದನ್ನು ಕಿತ್ತು ಹೊಸ ಮರದ ಹಿಡಿ ಬಿಗಿದ. ಕೆಲಸ ಮುಗಿದಾಗ ಬಾಣಲೆ ಬೆಳ್ಳಿಯ ಬಣ್ಣಕ್ಕೆ ಬಂದಿತ್ತು, ತೂಕವೂ ಇಳಿದಿತ್ತು. ಸ್ಟೋರಪ್ಪ ಅದರಲ್ಲಿ ತನ್ನ ಮುಖ ನೋಡಿಕೊಂಡು ಮೀಸೆ ತೀಡಿದ.

ಹೆಂಡತಿ ಬಂದ ದಿನ ಬಾಣಲೆಯನ್ನು ಮೇಜಿನ ಮೇಲಿಟ್ಟು ಟವೆಲ್ ಮುಚ್ಚಿ ಕಾದಿದ್ದ. ಅವಳು ಚೀಲ ಇಳಿಸುವುದೇ ತಡ, ಟವೆಲ್ ಎತ್ತಿ ಎದೆ ಉಬ್ಬಿಸಿ ನಿಂತ.

"ಅಯ್ಯೋ, ಹೊಸ ಬಾಣಲೆ ತಂದ್ರಾ?" ಎಂದಳು ಅವಳು. ಮುಖ ಅರಳಿತ್ತು. "ಚೆನ್ನಾಗಿದೆ. ಆದ್ರೆ ಯಾಕ್ರೀ ಸುಮ್ನೆ, ಅಮ್ಮಂದು ಇತ್ತಲ್ಲ."

ಆಗಲೇ ಹೇಳಿಬಿಟ್ಟಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು, ಒಂದು ಜಗಳ, ಒಂದು ಹೊತ್ತಿನ ಉಪವಾಸದೊಂದಿಗೆ. ಅವನು ಬಾಯಿ ತೆರೆದಿದ್ದ ಕೂಡ. ಆದರೆ ಅವಳ ಮಾತು ಮುಗಿದಿರಲಿಲ್ಲ. ತಂಗಿಯ ಮನೆಯಲ್ಲಿ ದಿನವೂ ಅದೇ ನೆನಪಾಯಿತಂತೆ. ಅಮ್ಮ ಹೋದ ಮೇಲೆ ತಂಗಿ ಆ ಬಾಣಲೆ ಕೇಳಿದ್ದಳಂತೆ, ಇವಳು ಕೊಡಲೇ ಇಲ್ಲವಂತೆ. ಈಗ ಕಾಲು ಮುರಿದು ಮಲಗಿದ್ದವಳನ್ನು ನೋಡಿ, ಕೊಟ್ಟುಬಿಡಬಹುದಿತ್ತೇನೋ ಅಂತ ಅನಿಸಿದರೂ ಮನಸ್ಸು ಬರಲಿಲ್ಲವಂತೆ. "ಆ ಕಪ್ಪು ಇದೆಯಲ್ಲ, ಅದು ಮಸಿ ಅಲ್ಲಾರೀ. ಅಮ್ಮ ದಿನಾ ಎಣ್ಣೆ ಸವರಿ ಸವರಿ ಕೂರಿಸಿದ್ದು. ನಾನು ಅದರ ಮೇಲೇ ಸವರ್ತಾ ಬಂದೆ. ಅಮ್ಮಂದು ಅಂತ ನನ್ ಹತ್ರ ಇರೋದು ಅದೊಂದೇ" ಎಂದು ಹೇಳುತ್ತಾ ಅಡಿಗೆಮನೆಗೆ ಹೋದವಳು, ಖಾಲಿ ಮೊಳೆ ಕಂಡು ಅಲ್ಲಿಂದಲೇ ಕೇಳಿದಳು, "ಎಲ್ರೀ ಅದು?"

ಸ್ಟೋರಪ್ಪ ಟವೆಲ್ ಮಡಚುತ್ತಾ ಹೊರಗೆ ನೋಡಿದ. ತೆರೆದ ಬಾಗಿಲಾಚೆ ಟೀಚರಕ್ಕನ ಮನೆಯ ಬೀಗ ಕಾಣಿಸಿತು. ಅವರು ಅದೇ ಬೆಳಿಗ್ಗೆ ತಮ್ಮ ತಂಗಿಯ ಮಗಳ ಮನೆಗೆ ಹೊರಟಿದ್ದರು, ಬರುವುದು ಕೆಲವು ದಿನ ಬಿಟ್ಟು ಎಂದಿದ್ದರು. ಕಣ್ಣಿಗೆ ಕಂಡದ್ದೇ ಬಾಯಿಗೆ ಬಂತು. ಟೀಚರಕ್ಕ ತಗೊಂಡು ಹೋಗಿದಾರೆ, ಬಂದ ಮೇಲೆ ಕೊಡ್ತಾರೆ ಎಂದುಬಿಟ್ಟ. ಅಷ್ಟರೊಳಗೆ ಏನಾದರೂ ಮಾಡೋಣ ಎಂಬುದು ಅವನ ಯೋಚನೆ. ಈ ಏನಾದರೂ ಎಂಬುದು ಏನು ಎಂದು ಯೋಚಿಸುವಷ್ಟು ಅವನು ಮುಂದೆ ಹೋಗಲಿಲ್ಲ.

ಆ ಸಂಜೆ ಅವಳು ಹೊಸದೆಂದು ತಿಳಿದ ಬಾಣಲೆಯಲ್ಲಿ ಮೊಟ್ಟೆ ಹಾಕಿದಳು. ಮೊಟ್ಟೆ ಸಿಮೆಂಟ್ ಹಾಕಿದ ಹಾಗೆ ಹಿಡಿದುಕೊಂಡಿತು. ಈರುಳ್ಳಿ ಸೀದು ತಳಕ್ಕೆ ಹತ್ತಿತು. "ಎಂಥದೋ ತಗಡು ಕೊಟ್ಟು ನಿಮಗೆ ಟೋಪಿ ಹಾಕಿದಾನೆ ಅಂಗಡಿಯವನು. ಪಾತ್ರೆ ಆರಿಸೋದು ನಂಗೊತ್ತು ಅಂತೀರಲ್ಲ" ಎಂದಳು. ಊರಿಗೆಲ್ಲ ಪಾತ್ರೆಯ ಬುದ್ಧಿ ಹೇಳಿದವನು ತಲೆ ತಗ್ಗಿಸಿ ಸೀದ ಈರುಳ್ಳಿಯನ್ನು ಅಗಿದ.

ಮರುದಿನ ಗುಜರಿ ಅಂಗಡಿಯಿಂದ ಅದೇ ಗಾತ್ರದ ಹಳೇ ಬಾಣಲೆಯೊಂದನ್ನು ಹುಡುಕಿ ತಂದು ಡಿಪೋದಲ್ಲಿ ಕಪ್ಪು ಮಾಡಲು ಕೂತ. ಎಂಜಿನ್ ಆಯಿಲ್ ಬಳಿದ, ಟೈರಿನ ಹೊಗೆ ಕೊಟ್ಟ, ಕೊನೆಗೆ ಸೈಲೆನ್ಸರಿಗೆ ಹೊಡೆಯುವ ಕಪ್ಪು ಬಣ್ಣವನ್ನೇ ಹೊಡೆದ. ನೋಡಲು ಪರವಾಗಿಲ್ಲ ಎನ್ನುವಂತಾಯಿತು. ಒಲೆಯ ಮೇಲಿಟ್ಟಾಗ ಎದ್ದ ಹೊಗೆಗೆ ವರ್ಕ್‌ಶಾಪಿನವರೆಲ್ಲ ಹೊರಗೆ ಓಡಿದರು. ಇದರಲ್ಲಿ ಅಡಿಗೆ ಮಾಡಿದರೆ ಮನೆಯವರು ಉಣ್ಣೋದಲ್ಲ, ಹಾರ್ನ್ ಹೊಡೀತಾರೆ ಎಂದ ಫಿಟ್ಟರ್. ಆಮೇಲೆ ಸ್ವಲ್ಪ ಮೆತ್ತಗಾಗಿ, ಹೋಗಿ ನಿಜ ಹೇಳಯ್ಯ, ಹೆಂಡತಿ ತಾನೇ ಎಂದ. ಹೆಂಡತಿ ಆದ್ದರಿಂದಲೇ ಹೇಳಲಾಗುತ್ತಿಲ್ಲ ಎಂಬುದು ಫಿಟ್ಟರನಿಗೆ ಅರ್ಥವಾಗಲಿಲ್ಲ, ಅವನಿಗೆ ಮದುವೆಯಾಗಿರಲಿಲ್ಲ.

ಅಷ್ಟರಲ್ಲಿ ಟೀಚರಕ್ಕ ಬಂದರು, ಹೇಳಿದ್ದಕ್ಕಿಂತ ಮುಂಚೆಯೇ. ಹೆಂಡತಿ ಟೀ ಒಯ್ದವಳು ನಗುತ್ತಲೇ ಬಾಣಲೆ ಕೇಳಿದಳು. ಯಾವ ಬಾಣಲೆ ಎಂದರು ಅವರು. ಇವಳು ಇನ್ನೂ ನಗುತ್ತಲೇ ವಿವರಿಸಿದಳು. ಅವರು ನಗಲಿಲ್ಲ. ಸ್ಟೋರಪ್ಪ ಡಿಪೋದಿಂದ ಬರುವಾಗ ಇಬ್ಬರೂ ಹೊಸ್ತಿಲಲ್ಲಿ ನಿಂತಿದ್ದರು.

"ನಾನು ನಿಮ್ಮನೆಯಿಂದ ಬಾಣಲೆ ತಗೊಂಡೆ ಅಂತ ನೀವು ಹೇಳಿದ್ರಂತೆ. ಹೌದಾ?" ಎಂದು ಟೀಚರಕ್ಕ ಕೇಳಿದರು. ದನಿಯಲ್ಲಿ ಕೋಪವಿರಲಿಲ್ಲ, ತಿಳಿದುಕೊಳ್ಳುವ ಆಸೆ ಮಾತ್ರ ಇತ್ತು.

ಸ್ಟೋರಪ್ಪ ಚಪ್ಪಲಿ ಬಿಡುವ ನೆಪದಲ್ಲಿ ಬಗ್ಗಿದ. ಬಗ್ಗಿದಲ್ಲಿಂದಲೇ ಹೇಳಿದ, "ಸ್ವಲ್ಪ ನೆನಪು ಮಾಡ್ಕೊಳ್ಳಿ ಮೇಡಂ. ವಯಸ್ಸಾದ ಮೇಲೆ ಎಲ್ರಿಗೂ ಮರೆವು ಇದ್ದಿದ್ದೇ."

ಇಂಥ ಮಾತು ಬಾಯಿಂದ ಹೊರಟ ಮೇಲೆ ಆಡಿದವನಿಗೂ ಕಹಿಯಾಗುತ್ತದೆ. ಟೀಚರಕ್ಕ ಒಂದು ಕ್ಷಣ ಅವನ ಬೆನ್ನನ್ನು ನೋಡಿ, ಇರಬಹುದು, ನೋಡ್ತೀನಿ ಎಂದು ಒಳಗೆ ಹೋದರು. ಅವತ್ತೆಲ್ಲ ಎದುರು ಮನೆಯಿಂದ ಡಬ್ಬಿ ಸರಿಸುವ, ಪೆಟ್ಟಿಗೆ ಎಳೆಯುವ ಸದ್ದು ಬರುತ್ತಲೇ ಇತ್ತು. ಸ್ಟೋರಪ್ಪ ರೇಡಿಯೋ ಜೋರು ಮಾಡಿದ.

ನಮ್ಮದು ಇಲಿ ಹೋದರೆ ಹುಲಿ ಹೋಯಿತು ಅನ್ನುವ ಕಟ್ಟಡ. ಕೆಳಮನೆಯ ಟೈಲರ್ ಅಳತೆ ತೆಗೆಯುವಾಗಲೆಲ್ಲ ಗಿರಾಕಿಗಳ ಕಿವಿಯ ಹತ್ತಿರ ಇರುವ ಮನುಷ್ಯ, ಸುದ್ದಿ ಹರಡಲು ಹೇಳಿ ಮಾಡಿಸಿದವನು. ಬಾಣಲೆ ಅವನ ಬಾಯಲ್ಲಿ ಬೆಳೆದು ಪಾತ್ರೆಗಳಾಯಿತು. ಇವತ್ತು ಬಾಣಲೆ ಮರೆತವರು ನಾಳೆ ಗ್ಯಾಸ್ ಆರಿಸೋದು ಮರೀತಾರೆ, ಆಮೇಲೆ ಕಟ್ಟಡವೇ ಇರಲ್ಲ ಎಂದು ಅವನು ಹೇಳಿದ್ದೇ ತಡ, ವಿಷಯ ಕಟ್ಟಡದ ಸಂಘದ ಕಾರ್ಯದರ್ಶಿಗಳ ಕಿವಿಗೆ ಬಿತ್ತು.

ಕಾರ್ಯದರ್ಶಿಗಳು ನಿವೃತ್ತ ಸರ್ವೆ ಅಧಿಕಾರಿ. ನೀರಿನ ಟ್ಯಾಂಕಿನಿಂದ ಹಿಡಿದು ಸತ್ತ ಬೆಕ್ಕಿನವರೆಗೆ ಯಾವುದಕ್ಕೂ ಸ್ಥಳ ಪರಿಶೀಲನೆ ಮಾಡದೆ ಅಭಿಪ್ರಾಯ ಕೊಡುವವರಲ್ಲ. ಟೇಪು ಹಿಡಿದು ಸ್ಟೋರಪ್ಪನ ಅಡಿಗೆಮನೆಗೆ ಬಂದರು. ಮೊಳೆಯ ಎತ್ತರ ಅಳೆದರು. ಬಾಗಿಲಿಗೂ ಮೊಳೆಗೂ ಇರುವ ದೂರ ಅಳೆದರು. ಹೆಂಡತಿ ಅವರಿಗೆ ಬ್ರೆಡ್ಡು ಮೊಟ್ಟೆ ಮಾಡಿಕೊಟ್ಟಳು, ಅವರು ತಿನ್ನುತ್ತಾ ವಿಚಾರಣೆ ಮುಂದುವರಿಸಿದರು. ನಾಪತ್ತೆಯಾದ ವಸ್ತುವಿನ ಗಾತ್ರ ಎಷ್ಟು ಎಂದರು. ಹೆಂಡತಿ ಅತ್ತಿತ್ತ ನೋಡಿ, ಒಲೆಯ ಮೇಲಿದ್ದದ್ದನ್ನು ತೋರಿಸಿ, ಹೆಚ್ಚುಕಮ್ಮಿ ಇಷ್ಟೇ ಇತ್ತು ಎಂದಳು. ಕಾರ್ಯದರ್ಶಿಗಳು ಆ ಬಾಣಲೆಗೆ ಟೇಪು ಹಿಡಿದರು. ಬಾಯಿ ಅಗಲ, ಆಳ, ತಳ ಎಲ್ಲ ಅಳೆದು, ಸ್ಟೋರಪ್ಪನ ಕಡೆ ತಿರುಗಿ, "ನಿಮ್ಮ ಅಭಿಪ್ರಾಯದಲ್ಲೂ ಇಷ್ಟೇನಾ?" ಎಂದು ಕೇಳಿದರು.

ಕರಾರುವಾಕ್ಕಾಗಿ ಇಷ್ಟೇ ಎಂದ ಸ್ಟೋರಪ್ಪ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನಿಗೆ ಆ ಹೊತ್ತು ಹೆಗಲು, ಬೆನ್ನು, ಅಂಗೈ ಎಲ್ಲ ಬೆವೆತಿತ್ತು. ಕಾರ್ಯದರ್ಶಿಗಳಿಗೆ ಅಷ್ಟಕ್ಕೆ ತೃಪ್ತಿಯಾಗಲಿಲ್ಲ. ಮಾದರಿ ಇರಲಿ ಎಂದು ಆ ಬಾಣಲೆಯನ್ನೇ ಕೈಯಲ್ಲಿ ಹಿಡಿದು ಎದುರು ಮನೆಯ ಬಾಗಿಲು ಬಡಿದರು. ಕಳೆದ ಬಾಣಲೆಯನ್ನು ಹುಡುಕಲು ಕಳೆದ ಬಾಣಲೆಯೇ ಹೊರಟಿತು. ನಗಬೇಕಾದ ಸಂಗತಿ. ಆದರೆ ಟೀಚರಕ್ಕ ಬಾಗಿಲು ತೆರೆದು, ಆ ಪಾತ್ರೆಯನ್ನೂ ಹಿಂದೆ ನಿಂತ ಜನರನ್ನೂ ನೋಡಿ ಬಿಳಿಚಿಕೊಂಡದ್ದನ್ನು ಕಂಡಿದ್ದರೆ ನೀವೂ ನಗುತ್ತಿರಲಿಲ್ಲ. ಒಳಗೆ ಬಂದು ನೋಡಿ ಎಂದಷ್ಟೇ ಹೇಳಿ ಅವರು ಬದಿಗೆ ಸರಿದು ನಿಂತರು.

ಅಲ್ಲಿಗೆ ಟೀ ನಿಂತಿತು, ಬಿಸ್ಕತ್ತೂ ನಿಂತಿತು. ಹೆಂಡತಿಗೆ ಬಾಣಲೆ ಹೋದದ್ದಕ್ಕಿಂತ ದೊಡ್ಡ ಸಂಕಟ ಶುರುವಾಯಿತು. ಕಳೆದುಹೋಯ್ತು ಅಂತ ಒಂದು ಮಾತು ಹೇಳಿದರೆ ನಾನು ಸುಮ್ಮನಾಗುತ್ತಿರಲಿಲ್ಲವೇ, ಅಕ್ಕ ಅಂತ ಅಂದುಕೊಂಡಿದ್ದೆನಲ್ಲ ಎಂದು ಕಣ್ಣೊರೆಸಿಕೊಳ್ಳುತ್ತಿದ್ದಳು. ಗಂಡ ಸುಳ್ಳು ಹೇಳಿರಬಹುದೆಂಬ ಯೋಚನೆ ಅವಳ ಹತ್ತಿರವೂ ಸುಳಿಯಲಿಲ್ಲ. ಸುಳಿದಿದ್ದರೆ ಸ್ಟೋರಪ್ಪನಿಗೆ ಎಷ್ಟೋ ಸುಲಭವಾಗುತ್ತಿತ್ತು. ಅವನ ಪಾಲಿಗೆ ಅದು ಬಿಸಿತುಪ್ಪವಾಯಿತು, ಉಗುಳಲೂ ಆಗದು, ನುಂಗಲೂ ಆಗದು.

ಎದುರು ಮನೆಗೆ ಪಾಠಕ್ಕೆ ಬರುವ ಮಕ್ಕಳು ಒಬ್ಬೊಬ್ಬರಾಗಿ ಕಡಿಮೆಯಾದರು. ಮರೆವಿನವರ ಹತ್ತಿರ ಲೆಕ್ಕ ಕಲಿಯುವುದೆಂತು ಎಂದು ತಾಯಂದಿರು ಮಾತಾಡಿಕೊಂಡರು. ಒಂದು ಬೆಳಿಗ್ಗೆ ಸ್ಟೋರಪ್ಪ ಕೆಲಸಕ್ಕೆ ಹೊರಟಾಗ ಟೀಚರಕ್ಕ ಬೀಗ ಹಾಕುತ್ತಿದ್ದರು. ಹಾಕಿ ಎಳೆದು ನೋಡಿದರು. ಮೆಟ್ಟಿಲವರೆಗೆ ಹೋದವರು ವಾಪಸ್ ಬಂದು ಮತ್ತೆ ಎಳೆದು ನೋಡಿದರು. ಆಮೇಲೆ ಬೀಗ ತೆಗೆದು ಒಳಗೆ ಹೋಗಿ ಒಲೆ ನೋಡಿಕೊಂಡು ಬಂದರು. ಅವನನ್ನು ಕಂಡು, "ಈಗೀಗ ನನ್ನ ಮೇಲೆ ನಂಗೇ ನಂಬಿಕೆ ಇಲ್ಲ ನೋಡಿ" ಎಂದು ನಗಲು ನೋಡಿದರು.

ಸ್ಟೋರಪ್ಪ ಡಿಪೋ ಸೇರಿದ, ಆದರೆ ಮನಸ್ಸು ಅಲ್ಲಿರಲಿಲ್ಲ. ಯಾವ ಮುಖ ಕಾಣಲೆಂದು ಬಾಣಲೆ ಉಜ್ಜಿದನೋ ಆ ಮುಖವನ್ನು ಈಗ ಎಲ್ಲಿ ಇಟ್ಟುಕೊಳ್ಳಬೇಕೆಂದು ತಿಳಿಯಲಿಲ್ಲ. ಅವನಿಗೆ ನಿಜವಾಗಿ ನಾಚಿಕೆಯಾಯಿತು. ಸಂಜೆಯವರೆಗೂ ಬೋಲ್ಟಿನ ಡಬ್ಬಿಗಳ ಮುಂದೆ ನಿಂತು ಹೆಂಡತಿಗೆ ಹೇಳಬೇಕಾದ್ದನ್ನು ಅಭ್ಯಾಸ ಮಾಡಿದ. ಆ ದಿನ ಕೇಳಿದವರಿಗೆಲ್ಲ ಕೇಳಿದ್ದನ್ನು ತಕರಾರಿಲ್ಲದೆ ಕೊಟ್ಟ. ಫಿಟ್ಟರ್ ಅವನ ಹಣೆ ಮುಟ್ಟಿ ಜ್ವರವಿದೆಯೇ ಎಂದು ನೋಡಿದ.

ಮನೆಗೆ ಬಂದರೆ ಟೀಚರಕ್ಕ ಅವನದೇ ಕುರ್ಚಿಯಲ್ಲಿ ಕೂತಿದ್ದರು. ಹೆಂಡತಿ ಅವರ ಕೈ ಹಿಡಿದುಕೊಂಡು ಅಳುತ್ತಿದ್ದಳು. ಟೀಚರಕ್ಕನೂ ಅಳುತ್ತಿದ್ದರು. ಟೀಚರಕ್ಕ ಒಪ್ಪಿಕೊಂಡಿದ್ದರು. ಬಾಣಲೆ ತಾನೇ ತೆಗೆದುಕೊಂಡು ಹೋಗಿದ್ದು ಈಗ ನೆನಪಾಯಿತಂತೆ. ತಂಗಿಯ ಮಗಳ ಮನೆಗೆ ಒಯ್ದಿದ್ದರಂತೆ, ಆ ಹುಡುಗಿ ಹಳೇದೆಂದು ಗುಜರಿಗೆ ಹಾಕಿಬಿಟ್ಟಳಂತೆ. ಕ್ಷಮಿಸಿಬಿಡು ಎಂದು ಅವರು ಹೇಳುವುದಕ್ಕೂ, ಹೋದರೆ ಹೋಗಲಿ ಬಿಡಿ ಅಕ್ಕ, ನೀವು ಬಂದ್ರಲ್ಲ ಎಂದು ಇವಳು ಹೇಳುವುದಕ್ಕೂ ಸ್ಟೋರಪ್ಪ ಒಳಗೆ ಕಾಲಿಡುವುದಕ್ಕೂ ಸರಿಹೋಯಿತು.

ಮಾಡದ ತಪ್ಪನ್ನು ಒಬ್ಬರು ಹೀಗೆ ತಲೆಯ ಮೇಲೆ ಹೊತ್ತುಕೊಳ್ಳುವುದನ್ನು ಅವನು ನೋಡಿರಲಿಲ್ಲ. ಅಡಿಗೆಮನೆಗೆ ನುಗ್ಗಿ ಬಾಣಲೆ ತಂದು ಇಬ್ಬರ ನಡುವೆ ಇಟ್ಟ. ಕಾಸ್ಟಿಕ್ ಸೋಡಾ, ವೈರ್ ಬ್ರಷ್, ಹೊಸ ಹಿಡಿ, ಟೀಚರಕ್ಕನ ಬಾಗಿಲ ಬೀಗ, ಬಾಯಿಗೆ ಬಂದ ಸುಳ್ಳು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದ. "ಇದೇ ಕಣೇ ನಿಮ್ಮಮ್ಮನ ಬಾಣಲೆ. ನಾನೇ ಹಾಳು ಮಾಡಿದೆ. ಇವರು ಮುಟ್ಟೂ ಇಲ್ಲ" ಎಂದು ನಿಲ್ಲಿಸಿದ.

ಹೆಂಡತಿ ಬಾಣಲೆಯನ್ನು ನೋಡಿದಳು, ಅವನನ್ನು ನೋಡಿದಳು. ಅವಳ ಒದ್ದೆ ಕಣ್ಣಲ್ಲಿ ನಗು ಬಂತು.

"ಸುಮ್ನಿರಿ ಸಾಕು. ಅಮ್ಮನ ಬಾಣಲೆ ನಂಗೆ ಗುರುತು ಸಿಗಲ್ವಾ? ಅಕ್ಕನ ಮಾನ ಉಳಿಸೋಕೆ ಹೇಳ್ತಿದೀರ ಅಂತ ಗೊತ್ತಾಗಲ್ವಾ?" ಎಂದವಳು ಟೀಚರಕ್ಕನ ಕಡೆ ತಿರುಗಿ, "ನೋಡಿ ಅಕ್ಕ, ಪಾಪ, ಇವರಿಗೆ ಸುಳ್ಳು ಹೇಳೋಕೇ ಬರಲ್ಲ" ಎಂದಳು.

ಸ್ಟೋರಪ್ಪ ಆಣೆ ಇಟ್ಟ. ಫಿಟ್ಟರನ್ನು ಕರೆಸುತ್ತೇನೆ ಎಂದ. ಹೇಳಿದಷ್ಟೂ ಹೆಂಡತಿಯ ಮುಖದಲ್ಲಿ ಗಂಡನ ಮೇಲಿನ ಅಭಿಮಾನ ಏರುತ್ತಲೇ ಹೋಯಿತು. ಅವಳು ಕಣ್ಣೊರೆಸಿಕೊಂಡು ಅಡಿಗೆಗೆ ಎದ್ದಳು, ಬಾಣಲೆಯನ್ನೂ ತೆಗೆದುಕೊಂಡು ಹೋದಳು. ಟೀಚರಕ್ಕ ಮಾತ್ರ ನಗಲಿಲ್ಲ. ಮೂವತ್ತು ವರ್ಷ ಮಕ್ಕಳ ಸುಳ್ಳು ನಿಜಗಳನ್ನು ಕಂಡ ಕಣ್ಣು ಅವನ ಮುಖದ ಮೇಲೆಯೇ ನಿಂತಿತ್ತು.

ಅವರು ಹೊರಟಾಗ ಅವನು ಹಿಂದೆಯೇ ಹೋದ. ಅವರ ಬಾಗಿಲಲ್ಲಿ ನಿಂತು, ನೀವಾದರೂ ನಂಬಿದ್ರಾ ಎಂದು ಕೇಳಿದ.

"ನಂಬಿದೆ" ಎಂದರು. "ನಾನು ತಗೊಂಡಿರಲಿಲ್ಲ ಅಂತ ಖಾತ್ರಿ ಇರ್ಲಿಲ್ಲ ನಂಗೆ. ತಲೆ ಕೆಟ್ಟಿದೆ ಅಂತಾನೇ ಅಂದ್ಕೊಂಡು, ಗುಜರಿ ಕಥೆ ಕಟ್ಕೊಂಡು ಬಂದು ಒಪ್ಪಿಕೊಂಡೆ. ಈಗ ಸಮಾಧಾನ ಆಯ್ತು."

ಅವನು ಕೈ ಮುಗಿದ. ನಾಳೆ ಬೆಳಿಗ್ಗೆ ಫಿಟ್ಟರನ್ನು ಕರೆತಂದು ಎಲ್ಲರೆದುರು ಹೇಳಿಸುತ್ತೇನೆ ಎಂದ.

"ಬೇಡ" ಎಂದರು ಟೀಚರಕ್ಕ. "ಎದುರು ಮನೆಯವಳು ಕಳ್ಳಿ ಅಂತ ತಿಳ್ಕೊಂಡೂ ಅವಳು ಬದುಕ್ತಾಳೆ, ಇವತ್ತು ನೋಡಿದ್ರಲ್ಲ. ಮನೆ ಒಳಗಿರೋನು ಹೀಗೆ ಅಂತ ಗೊತ್ತಾದ್ರೆ ಎಲ್ಲಿಗೆ ಹೋಗ್ತಾಳೆ? ಹೋಗಿ, ಊಟ ಮಾಡಿ." ಬಾಗಿಲು ಮೆಲ್ಲಗೆ ಹಾಕಿಕೊಂಡರು. ಈ ಸಲ ಒಳಗಿನ ಚಿಲಕವನ್ನು ಎರಡನೇ ಸಲ ಎಳೆದು ನೋಡಿದ ಸದ್ದು ಬರಲಿಲ್ಲ.

ಒಳಗೆ ಹೆಂಡತಿ ತಟ್ಟೆ ಹಾಕಿ ಕಾದಿದ್ದಳು. ಅವತ್ತು ಮೊದಲ ಸಲ ಮೊಟ್ಟೆ ತಳ ಹಿಡಿಯದೆ ಅರ್ಧಕ್ಕರ್ಧ ಎದ್ದು ಬಂದಿತ್ತು. ದೊಡ್ಡ ಚೂರನ್ನು ಅವನಿಗೇ ಬಡಿಸಿ, ನಿಮ್ಮಂಥ ಮನಸ್ಸು ಎಷ್ಟು ಜನಕ್ಕಿರುತ್ತೆ, ನಾಳೆ ಕೆಳಮನೆಯವರಿಗೂ ಹೇಳ್ತೀನಿ ಎಂದಳು. ಸ್ಟೋರಪ್ಪ ತಲೆ ತಗ್ಗಿಸಿ ಒಂದು ಚೂರು ಮುರಿದು ಬಾಯಿಗಿಟ್ಟ. ಹೇಗಿದೆ ಎಂದು ಅವಳು ಕೇಳಿದಾಗ ಚೆನ್ನಾಗಿದೆ ಎಂದ. ಆ ದಿನ ಅವನು ಹೇಳಿದ ಎರಡನೇ ನಿಜ ಅದು. ಅದನ್ನು ಅವಳು ನಂಬಿದಳು.